ಗೊಂಗೊಲಿಯ ಅಡುಗೆಯವನು

ಮೊತಾಲೆಬ್ ಚಾಚಾ ಬರ್ ದುಬೈಯ ಆ ಚಿಕ್ಕ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ಎಡಗೈಯ ಹೆಬ್ಬೆರಳು ಜಜ್ಜಿಕೊಂಡು. ಸೆಪ್ಟೆಂಬರಿನ ಮೊದಲ ವಾರ, ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲು ಬೆಂಕಿಯಂತಿತ್ತು. ಅವರು ರಕ್ತ ಸೋರುವ ಕೈಯನ್ನು ಚೌಕಳಿ ಟವೆಲಿನಲ್ಲಿ ಸುತ್ತಿಕೊಂಡು, ತಮ್ಮ ಸರದಿ ಬರುವವರೆಗೆ ಗೋಡೆಗೆ ಒರಗಿ ನಿಂತೇ ಇದ್ದರು. ಜದ್ದಾಫ್‌ನ ದೋಣಿ ಅಂಗಳದಲ್ಲಿ ಅವರಿಗೆ ಕೆಲಸ. ದಡಕ್ಕೆಳೆದ ಮರದ ದೋಣಿಗಳ ಹಲಗೆ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಹುರಿ ಇಟ್ಟು, ಉಳಿ ಹಿಡಿದು, ಕೊಡತಿಯಿಂದ ಬಡಿದು ನೀರು ನುಗ್ಗದಂತೆ ಮಾಡುವುದು. ನಲವತ್ತು ವರ್ಷದಿಂದ ಅದೊಂದೇ ಕೆಲಸ.

"ಇಷ್ಟು ವರ್ಷ ತಪ್ಪದ ಕೊಡತಿ ಇವತ್ತು ಹೇಗೆ ತಪ್ಪಿತು ಚಾಚಾ?" ಗಾಯ ತೊಳೆಯುತ್ತ ನರ್ಸ್ ಡೆಲ್ಫಿನ್ ಹಿಂದಿಯಲ್ಲಿ ಕೇಳಿದಳು.

"ಒಳಗಿನಿಂದ ಯಾರೋ ಬಡಿದರು ಸಿಸ್ಟರ್."

"ದೋಣಿಯೊಳಗೆ ಯಾರಿದ್ದರು?"

"ಯಾರೂ ಇರಲಿಲ್ಲ. ಅದಕ್ಕೇ ಕೈ ತಪ್ಪಿದ್ದು."

ಡೆಲ್ಫಿನ್ ತಲೆಯೆತ್ತಿ ನೋಡಿದಳು. ಎಪ್ಪತ್ತಮೂರರ ಮುದುಕ, ಉಪ್ಪುಗಾಳಿಗೆ ಒಣಗಿದ ಮುಖ, ಬಿಳಿಯ ಗಡ್ಡ. ತಮಾಷೆ ಮಾಡುವವರ ಹಾಗೆ ಕಾಣಲಿಲ್ಲ. ಗಲ್ಫಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವಳಿಗೆ ಬಿಸಿಲಿನಲ್ಲಿ ಕೆಲಸ ಮಾಡಿದವರು ಇಂಥ ಮಾತಾಡುವುದು ಹೊಸದಲ್ಲ. ನೀರು ಕುಡಿಸಿದಳು, ರಕ್ತದ ಸಕ್ಕರೆ ನೋಡಿದಳು. ಇನ್ನೂರ ಎಂಬತ್ತು ಇತ್ತು. ಗಾಯ ಬೇಗ ಮಾಯುವುದಿಲ್ಲ, ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳಬೇಕು ಎಂದಳು.

ಅವರು ತಪ್ಪದೆ ಬಂದರು. ನೋವಿಗೆ ಮುಖ ಗಂಟಿಕ್ಕುತ್ತಿರಲಿಲ್ಲ; ಸುಮ್ಮನೆ ಮಾತಾಡುತ್ತಿದ್ದರು. ಬಾಂಗ್ಲಾದವರು, ಸಮುದ್ರದ ಹತ್ತಿರದ ಒಂದು ಹಳ್ಳಿಯವರು. ಡೆಲ್ಫಿನ್ ಕೂಡ ಹೊಳೆ ಕಡಲು ಸೇರುವಲ್ಲಿ ಹುಟ್ಟಿದವಳಾದ್ದರಿಂದ ದೋಣಿಯ ಮಾತು ಅವಳಿಗೂ ಹಿತವಾಗಿತ್ತು. ನಾಲ್ಕನೆಯ ಸಲ ಬಂದಾಗ ಅವಳೇ ಕೇಳಿದಳು. "ಈಗಲೂ ಬಡಿತ ಕೇಳ್ತದಾ ಚಾಚಾ?"

"ಕೇಳ್ತದೆ. ನಾನು ಹೊರಗೆ ಬಡಿದು ಕೈ ನಿಲ್ಲಿಸಿದರೆ ಅವನು ಒಳಗೆ ಬಡೀತಾನೆ. ಹತ್ತು ಸಲ. ಒಂದೊಂದು ದೋಣಿಯಲ್ಲಿ ತಿಂಗಳುಗಟ್ಟಲೆ ಇಲ್ಲ. ಮತ್ತೆ ಒಂದು ದಿನ ಉಂಟು."

"ಅವನು ಅಂದ್ರೆ ಯಾರು?"

ಡೆಲ್ಫಿನ್ ಹಳೆಯ ಬಟ್ಟೆ ಬಿಚ್ಚಿ ಕೀವು ಒರೆಸತೊಡಗಿದಳು. ಆಗ ಮುದುಕ ಹೇಳಲು ಶುರುಮಾಡಿದರು.

"ನಮ್ಮದು ಮಾಝಿಗಳ ಮನೆ. ಅಪ್ಪ, ಅಜ್ಜ ಎಲ್ಲರೂ ದೋಣಿಯವರು. ಎಪ್ಪತ್ತೊಂದರಲ್ಲಿ ಯುದ್ಧ ಬಂತಲ್ಲ, ಆಗ ಸೈನ್ಯದವರು ಹಳ್ಳಿಗೆ ಬಂದು ಮೊದಲು ಸುಟ್ಟದ್ದು ದೋಣಿಗಳನ್ನು. ದೋಣಿ ಇಲ್ಲದೆ ಆ ದೇಶದಲ್ಲಿ ಯಾರೂ ಅಲ್ಲಾಡುವ ಹಾಗಿಲ್ಲ ಅಂತ ಅವರಿಗೂ ಗೊತ್ತಿತ್ತು. ನಮ್ಮ ಕಾಶೆಮ್ ಚಿಕ್ಕಪ್ಪ ತನ್ನ ದೋಣಿಯನ್ನು ನೀರಲ್ಲಿ ಮುಳುಗಿಸಿ, ಮೇಲೆ ಕೆಸರು ಹಾಕಿ ಉಳಿಸಿಕೊಂಡ. ಆಮೇಲೆ ಗಡಿಯಾಚೆಯಿಂದ ಈಜುಗಾರರು ಬಂದರು. ನಮ್ಮದೇ ಪ್ರಾಯದ ಹುಡುಗರು. ಹೊಟ್ಟೆಗೆ ಟವೆಲಿನಲ್ಲಿ ಬಾಂಬು ಕಟ್ಟಿಕೊಂಡು ಈಜಿ ಹೋಗಿ ಹಡಗಿನ ತಳಕ್ಕೆ ಅಂಟಿಸಿ ಬರುವವರು. ಹೊಳೆಯ ಸೆಳೆತ ಅವರಿಗೇನು ಗೊತ್ತು? ಎಲ್ಲಿ ನೀರು ತಿರುಗ್ತದೆ, ಯಾವ ಹೊತ್ತಿಗೆ ಇಳಿತ, ಎಲ್ಲಿ ಕಾವಲು ದೋಣಿ ತಿರುಗಾಡ್ತದೆ, ಅದೆಲ್ಲ ನಾವು ಹೇಳಬೇಕು. ಕರೆದುಕೊಂಡು ಹೋಗುವುದೂ ನಾವೇ, ಅಡಗಿಸಿಡುವುದೂ ನಾವೇ. ಸ್ವಾತಂತ್ರ್ಯ ಬಂದ ಮೇಲೆ ಈಜಿದವರ ಹೆಸರು ಪಟ್ಟಿಯಲ್ಲಿ ಬಂತು. ದೋಣಿಯ ಹುಟ್ಟು ಹಾಕಿದವರದ್ದು ಬರಲಿಲ್ಲ. ಇರಲಿ."

"ನಿಮ್ಮ ಕೆಲಸ ಏನಿತ್ತು?"

"ಹಡಗುಗಳಿಗೆ ಮೀನು ಮಾರುವುದು. ನಮ್ಮ ಚಾಲ್ನಾ ಬಂದರಿನಲ್ಲಿ ಹೊಳೆಯ ನಡುವೆ ಲಂಗರು ಹಾಕಿ ಸೆಣಬು ತುಂಬಿಸಿಕೊಳ್ತಿದ್ದ ಹಡಗುಗಳು. ಆ ಸೆಣಬು ಹೊರಗೆ ಹೋದರೆ ಗುಂಡು ಒಳಗೆ ಬರ್ತದೆ ಅಂತ ಚಿಕ್ಕಪ್ಪ ಹೇಳ್ತಿದ್ದ. ಮೀನು ಕೊಡುವ ನೆಪದಲ್ಲಿ ನಾನು ಮೇಲೆ ಹತ್ತಿ, ಇಂಜಿನ್ ಎಲ್ಲಿ, ಕಾವಲು ಎಷ್ಟು ಜನ, ಎಲ್ಲ ನೋಡಿ ಬರಬೇಕು. ಆಗ ನನಗೆ ಹತ್ತೊಂಬತ್ತು, ಮದುವೆ ಆಗಿ ಐದು ತಿಂಗಳು. ಎಲ್ಲ ಹಡಗಿನವರೂ ಕೆಳಗೇ ನಿಲ್ಲಿಸಿ ಬುಟ್ಟಿ ಎಳೆದುಕೊಳ್ತಿದ್ದರು. ಒಂದು ಹಡಗಿನ ಅಡುಗೆಯವ ಮಾತ್ರ ನನ್ನನ್ನು ಮೇಲೆ ಕರೀತಿದ್ದ. ಹಡಗು ಬೇರೆ ಯಾವುದೋ ದೇಶದ್ದು, ಅವನು ಇಂಡಿಯಾದವನು. ಇಂಡಿಯಾದವನು ಅಂತ ದಡಕ್ಕೆ ಇಳೀಲಿಕ್ಕೆ ಬಿಡ್ತಿರಲಿಲ್ಲ. ಮಾತಾಡ್ಲಿಕ್ಕೆ ಜನ ಬೇಕಿತ್ತೋ ಏನೋ ಪಾಪ. ಮೀನನ್ನು ಒಂದೊಂದಾಗಿ ಎಣಿಸಿ ಹಾಕಿಕೊಳ್ತಿದ್ದ, ಹತ್ತರ ತನಕ. ಏಕ್, ದೋನ್, ತೀನ್... ನಮ್ಮ ಭಾಷೆಯ ಹಾಗೇ, ಆದರೆ ಅಲ್ಲ. ನನ್ನನ್ನು 'ಪುತಾ' ಅಂತಿದ್ದ. ನಮ್ಮಲ್ಲೂ ಮಗನಿಗೆ ಪುತ್ ಅಂತಾರೆ, ಹಾಗಾಗಿ ಅದೊಂದು ಅರ್ಥ ಆಯಿತು."

ಡೆಲ್ಫಿನ್‌ಳ ಕೈ ನಿಧಾನವಾಯಿತು.

"ಅವನದೂ ಹೊಳೆ ಬಾಯಿಯ ಊರಂತೆ. ಊರ ಹೆಸರು ನನಗೆ ಮರೆತಿಲ್ಲ, ಗಂಗೆ ಇದ್ದಳಲ್ಲ ಅದರಲ್ಲಿ. ಗೊಂಗೊಲಿ."

ಅವಳು ಬ್ಯಾಂಡೇಜಿನ ತುದಿಗೆ ಅಂಟುಪಟ್ಟಿ ಹಾಕಿದಳು. ಪಟ್ಟಿ ಓರೆಯಾಯಿತು. ಕಿತ್ತು ಮತ್ತೆ ಹಾಕಿದಳು.

ಡೆಲ್ಫಿನ್ ಗಂಗೊಳ್ಳಿಯವಳು. ಅವಳ ತಂದೆ ಇಗ್ನೇಶಿಯಸ್ ವಿದೇಶಿ ಕಂಪೆನಿಯ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಅವಳಿಗೆ ಮೂರು ವರ್ಷವಾಗಿದ್ದಾಗ, ತಮ್ಮ ಕ್ಲಾರೆನ್ಸ್ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ, ಮುಂಬಯಿಯ ಏಜೆಂಟರಿಂದ ಒಂದು ಕಾಗದ ಬಂದಿತ್ತು. ಚಾಲ್ನಾ ಎಂಬ ಬಂದರಿನಲ್ಲಿ ಯುದ್ಧದ ಕಾರಣ ಹಡಗು ಮುಳುಗಿತು, ಇಗ್ನೇಶಿಯಸ್ ಮಲಗಿದ್ದಲ್ಲೇ ತೀರಿಕೊಂಡರು, ಶವ ಸಿಕ್ಕಿಲ್ಲ ಎಂದು. ಮಲಗಿದ್ದಲ್ಲೇ ಎಂಬ ಒಂದು ಮಾತನ್ನು ತಾಯಿ ಲೂರ್ದ್ ಬಾಯಿ ಇಷ್ಟು ವರ್ಷ ಹಿಡಿದುಕೊಂಡು ಬದುಕಿದ್ದರು. ನೋವು ಗೊತ್ತಾಗಿರಲಿಕ್ಕಿಲ್ಲ ಎನ್ನುತ್ತಿದ್ದರು.

"ಆ ಹಡಗು ಏನಾಯಿತು?" ಡೆಲ್ಫಿನ್ ಕೇಳಿದಳು. ತನ್ನ ದನಿ ತನಗೇ ಯಾರದೋ ಎನಿಸಿತು.

"ಅದರ ಹಿಂಭಾಗಕ್ಕೇ ಬಾಂಬು ಅಂಟಿಸಿದ್ದು. ನಾನು ನೋಡಿ ಬಂದು ತೋರಿಸಿದ ಜಾಗಕ್ಕೆ. ಹೊಳೆ ಅಲ್ಲಿ ಅಷ್ಟು ಆಳ ಇಲ್ಲ. ಹಿಂಭಾಗ ಕೆಸರಿಗೆ ಕೂತಿತು, ಮುಂಭಾಗ ಮೇಲೆ ನಿಂತಿತು. ಉಳಿದವರನ್ನು ಬಂದರಿನ ಲಾಂಚು ಕರೆದುಕೊಂಡು ಹೋಯಿತು. ಬೆಳಗಾದ ಮೇಲೆ ನಾವು ಹುಲ್ಲಿನಲ್ಲಿ ಅಡಗಿದ್ದೆವು. ಆಗ ಕೇಳಿತು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಹತ್ತು ಸಲ ಬಡಿದು ನಿಲ್ಲಿಸುವುದು. ಮತ್ತೆ ಹತ್ತು. ಯಾರು ಅಂತ ನನಗೆ ಆಗಲೇ ಗೊತ್ತಾಯಿತು."

"ಎಷ್ಟು ಹೊತ್ತು?"

"ಎರಡು ದಿನ ಸಿಸ್ಟರ್. ಎರಡನೆಯ ದಿನ ಸಂಜೆ ಆರನೆಯ ಬಡಿತ ಬಂತು. ಏಳನೆಯದು ಬರಲಿಲ್ಲ."

ಮುಂದಿನ ರೋಗಿ ಬಾಗಿಲಲ್ಲಿ ಇಣುಕಿದ. ಡೆಲ್ಫಿನ್ ಮುದುಕನ ಕೈಯನ್ನು ಅವರ ತೊಡೆಯ ಮೇಲೆ ಇಟ್ಟು, "ಒದ್ದೆ ಮಾಡಬೇಡಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಔಷಧಿ ಕೋಣೆಯ ತಣ್ಣನೆಯ ಕಪಾಟಿಗೆ ಹಣೆಯಿಟ್ಟು ನಿಂತಳು. ಅಳು ಬರಲಿಲ್ಲ.

ಮರುದಿನ ಅವಳು ತನ್ನ ಜೊತೆಯ ನರ್ಸ್ ನಿಹಾಲ್‌ಗೆ, "ಆ ಬೆರಳಿನ ಚಾಚಾ ಬಂದ್ರೆ ನೀನೇ ನೋಡಿಕೊ ಮಾರಾಯ," ಎಂದಳು. ಮುದುಕ ಬಂದಾಗಲೆಲ್ಲ ಅವಳು ಒಳಗಿನ ಕೋಣೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡಳು. ಪರದೆಯ ಕೆಳಗೆ ಅವರ ಸವೆದ ಚಪ್ಪಲಿ ಕಾಣುತ್ತಿತ್ತು. ಸಿಸ್ಟರ್ ರಜೆಯಲ್ಲಿದ್ದಾರಾ ಎಂದು ಅವರು ಕೇಳುವುದು ಕೇಳಿಸುತ್ತಿತ್ತು.

ಸತ್ವಾ ಬಡಾವಣೆಯಲ್ಲಿ ಅವಳದು ಹಳೆಯ ವಿಲ್ಲಾದ ಒಂದು ಕೋಣೆ. ಹಂಚಿಕೊಂಡಿದ್ದ ಆ ಮನೆಯಲ್ಲಿ ಐದು ಸಂಸಾರ. ಯಾವಾಗಲೂ ಏನಾದರೊಂದು ಸದ್ದು. ಪಕ್ಕದ ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿದ್ದರು, ಮಹಡಿಯಲ್ಲಿ ಮಸಾಲೆ ಕುಟ್ಟುತ್ತಿದ್ದರು, ಏಸಿಯ ಕೊಳವೆ ಟಿಕ್ ಟಿಕ್ ಎನ್ನುತ್ತಿತ್ತು. ಇಪ್ಪತ್ತು ವರ್ಷ ಅವಳು ಇವೆಲ್ಲದರ ನಡುವೆ ನಿದ್ದೆ ಮಾಡಿದ್ದಳು. ಈಗ ಪ್ರತಿಯೊಂದನ್ನೂ ಎಣಿಸತೊಡಗಿದಳು. ಬೆಳಿಗ್ಗೆ ಚಹಾ ಕುಡಿಯುವಾಗ ಗ್ಯಾರೇಜಿನವನು ನಾಲ್ಕು ಸಲ ಬಡಿದು ನಿಲ್ಲಿಸಿದರೆ ಲೋಟ ಕೈಯಲ್ಲೇ ನಿಲ್ಲುತ್ತಿತ್ತು. ಒಂದು ದಿನ ಆರು ಬಡಿತ ಕೇಳಿ ಸದ್ದು ನಿಂತಿತು. ಏಳನೆಯದಕ್ಕಾಗಿ ಕಾದು ಕೂತವಳು ಬಸ್ಸು ತಪ್ಪಿಸಿಕೊಂಡಳು. ಗ್ಯಾರೇಜಿಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಅಂದು ರಜೆಯಂತೆ.

ಅವಳಿಗೆ ಮುದುಕನ ಮೇಲೆ ಸಿಟ್ಟಿತ್ತು. ಬಾಂಬಿಗೆ ಜಾಗ ತೋರಿಸಿದ್ದಕ್ಕಿಂತ ಹೆಚ್ಚಾಗಿ, ಅದನ್ನು ತನಗೆ ಹೇಳಿದ್ದಕ್ಕೆ. ಅವರು ಹೇಳಿ ಹಗುರಾಗಿ ಎದ್ದು ಹೋಗಿದ್ದರು. ಭಾರ ಇವಳ ಕೋಣೆಗೆ ಬಂದು ಕೂತಿತ್ತು.

ಎರಡು ವಾರದ ನಂತರ ನಿಹಾಲ್ ಹೇಳಿದ. "ನಿಮ್ಮ ಚಾಚಾನ ವೀಸಾ ಕ್ಯಾನ್ಸಲ್ ಅಂತೆ ಸಿಸ್ಟರ್. ಪ್ರಾಯ ಆಯ್ತಲ್ಲ, ದೋಣಿ ಅಂಗಳದ ಅರ್ಬಾಬ್ ಕೆಲಸದಿಂದ ಖಲಾಸ್ ಮಾಡಿದ್ದಾರೆ. ಮಂಗಳವಾರ ಊರಿಗೆ ಹೋಗ್ತಾರೆ. ನಿಮಗೆ ಸಲಾಂ ಹೇಳಿದ್ದಾರೆ."

ಆ ಶುಕ್ರವಾರ ನಮಾಜಿನ ನಂತರದ ಹೊತ್ತಿಗೆ ಡೆಲ್ಫಿನ್ ಜದ್ದಾಫ್‌ಗೆ ಹೋದಳು. ಅಂಗಳದಲ್ಲಿ ನಾಲ್ಕೈದು ದೋಣಿಗಳು ಮರದ ಆಧಾರಗಳ ಮೇಲೆ ನಿಂತಿದ್ದವು. ಮೊತಾಲೆಬ್ ಚಾಚಾ ಒಂದರ ನೆರಳಿನಲ್ಲಿ ಕೂತು ತಮ್ಮ ಉಳಿಗಳನ್ನು ಎಣ್ಣೆ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಅವಳನ್ನು ಕಂಡು ಎದ್ದರು, ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟರು. ಅವಳು ಕೂರಲಿಲ್ಲ.

"ಚಾಚಾ, ಅದು ಗೊಂಗೊಲಿ ಅಲ್ಲ. ಗಂಗೊಳ್ಳಿ. ನಾನು ಅಲ್ಲಿಯವಳು. ಆ ಅಡುಗೆಯವರು ನನ್ನ ತಂದೆ."

ಮುದುಕ ಅವಳ ಮುಖವನ್ನು ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಬಗ್ಗಿ, ಗಾಯದ ಕೈಯನ್ನು ತಮ್ಮ ಮೊಣಕಾಲಿನ ಹತ್ತಿರ ಗಾಳಿಯಲ್ಲಿ ಹಿಡಿದರು. ಪುಟ್ಟ ಮಗುವಿನ ತಲೆಯ ಮೇಲೆ ಕೈಯಿಟ್ಟ ಹಾಗೆ.

"ಇಷ್ಟೆತ್ತರ," ಎಂದರು. "ಒಬ್ಬಳು ಮಗಳಿದ್ದಾಳೆ ಅಂತ ಹೀಗೆ ತೋರಿಸಿದ್ದ."

ಡೆಲ್ಫಿನ್‌ಗೆ ಈಗ ಕೂರಬೇಕಾಯಿತು. ಅಂಗಳದ ಎದುರಿನ ಕ್ರೀಕಿನಲ್ಲಿ ಯಾವುದೋ ಲಾಂಚು ಹೋಯಿತು. ಅಲೆ ದಡಕ್ಕೆ ಬಂದು ಬಡಿದು ಸುಮ್ಮನಾಯಿತು.

"ನೀವು ಅವರಿಗೆ ಹೇಳಬಹುದಿತ್ತು," ಎಂದಳು.

"ಹೇಳಬಹುದಿತ್ತು."

"ಯಾಕೆ ಹೇಳಲಿಲ್ಲ?"

"ಆ ಸಂಜೆ ಹೋಗಿದ್ದೆ. ಮೇಲೆ ಮಲಗು, ಕೆಳಗೆ ಬೇಡ ಅಂತ ಕೈಸನ್ನೆ ಮಾಡಿದೆ. ಸೆಖೆಗೆ ಹೇಳ್ತಿದ್ದೇನೆ ಅಂದುಕೊಂಡು ನಕ್ಕ. ಇನ್ನೊಂದು ಮಾತು ಹೇಳಿದ್ದರೆ ಅರ್ಥ ಆಗ್ತಿತ್ತು. ಆ ಮಾತು ಅವನ ಕ್ಯಾಪ್ಟನಿಗೆ, ಕ್ಯಾಪ್ಟನಿಂದ ಸೈನ್ಯಕ್ಕೆ ಹೋಗ್ತಿತ್ತು. ನಾಲ್ಕು ಜನ ಈಜುಗಾರರು ನಮ್ಮ ಮನೆಯ ಅಟ್ಟದಲ್ಲಿ ಇದ್ದರು. ನನ್ನ ಹೆಂಡತಿ ಇದ್ದಳು. ಊರಿಡೀ ಸುಡ್ತಿದ್ದರು. ಇದನ್ನೆಲ್ಲ ನಾನು ಐವತ್ತನಾಲ್ಕು ವರ್ಷದಿಂದ ಹೇಳಿಕೊಳ್ತಾ ಬಂದಿದ್ದೇನೆ ಬೇಟಿ. ಎಲ್ಲ ಸತ್ಯವೇ. ಆದರೂ ಅವನು ಬಡೀತಾನೆ."

"ಎರಡು ದಿನ ಕೇಳ್ತಾ ಕೂತಿರಾ?"

"ಇಲ್ಲ. ಹೋದೆವು. ಚಿಕ್ಕಪ್ಪನಿಗೆ ತಡೀಲಿಕ್ಕೆ ಆಗಲಿಲ್ಲ. ಹಡಗು ಶತ್ರುವಿನದು, ಅಡುಗೆಯವ ಶತ್ರು ಅಲ್ಲ, ನೀರಲ್ಲಿ ಸಿಕ್ಕಿದವನನ್ನು ಬಿಟ್ಟು ಬಂದರೆ ಮಾಝಿ ಅಂತ ಹೇಳ್ಲಿಕ್ಕಿಲ್ಲ ಅಂದ. ಎರಡನೆಯ ದಿನ ಬಲೆ ಹಾಕುವವರ ಹಾಗೆ ದೋಣಿಯಲ್ಲಿ ಹೋದೆವು, ಹಾರೆ ಇಟ್ಟುಕೊಂಡು. ಹಡಗಿನ ಮೈಗೆ ಚಿಕ್ಕಪ್ಪ ಮೂರು ಸಲ ಬಡಿದ. ಒಳಗಿನಿಂದಲೂ ಮೂರು ಬಂತು. ನಾವಿದ್ದೇವೆ ಅಂತ ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಕಾವಲು ದೋಣಿ ಬಂತು. ಗುಂಡು ಚಿಕ್ಕಪ್ಪನ ಕುತ್ತಿಗೆಗೆ ತಾಗಿತು. ನಾನು ಹಾರಿ ಹುಲ್ಲಿನಲ್ಲಿ ಸೇರಿಕೊಂಡೆ. ಚಿಕ್ಕಪ್ಪನ ಹೆಣ ದೋಣಿಯಲ್ಲೇ ತೇಲಿಕೊಂಡು ಕಡಲಿಗೆ ಹೋಯಿತು."

ಅವರು ಹಣೆಯ ಬೆವರು ಒರೆಸಿಕೊಂಡರು. "ಅವನ ಹೆಸರೇನು ಬೇಟಿ? ನಾನು ಕೇಳಿರಲಿಲ್ಲ. ದುವಾ ಮಾಡುವಾಗ ಗೊಂಗೊಲಿಯ ಅಡುಗೆಯವ ಅಂತಲೇ ಹೇಳ್ತೇನೆ."

"ಇಗ್ನೇಶಿಯಸ್."

"ಇಗ್‌ನಾಶ್," ಎಂದರು ಮುದುಕ. ಮತ್ತೊಮ್ಮೆ ಪ್ರಯತ್ನಿಸಿದರು. ಬರಲಿಲ್ಲ.

ಕ್ಷಮಿಸು ಎಂದು ಅವರು ಕೇಳಲಿಲ್ಲ. ಹೊರಡುವ ಮುನ್ನ ಅವರ ಬ್ಯಾಂಡೇಜು ಸಡಿಲವಾಗಿದ್ದನ್ನು ಕಂಡು, ಬಿಚ್ಚಿ ಮತ್ತೆ ಕಟ್ಟಿದಳು. ಊರಿನಲ್ಲಿ ಮಾತ್ರೆ ಬಿಡಬೇಡಿ ಎಂದಳು. ಅವರ ಊರಿನ ಫೋನ್ ನಂಬರು ಬರೆದುಕೊಂಡಳು.

ಮರುದಿನ ಅಲ್ ಗುಬೈಬಾದಿಂದ ಬಸ್ಸು ಹತ್ತಿ ಅಬುಧಾಬಿಗೆ ಹೋದಳು. ತಮ್ಮ ಕ್ಲಾರೆನ್ಸ್‌ನ ಮನೆ ಎಲೆಕ್ಟ್ರಾ ರಸ್ತೆಯಲ್ಲಿ. ತಾಯಿ ಹನ್ನೊಂದು ವರ್ಷದಿಂದ ಅವನ ಜೊತೆಗಿದ್ದರು. ಬಸ್ಸಿನಲ್ಲಿ ಎರಡು ಗಂಟೆ ಅವಳು ಒಂದೇ ಯೋಚನೆ ಮಾಡಿದಳು. ಹೇಳಬೇಕೋ ಬೇಡವೋ. ಎಪ್ಪತ್ತೊಂಬತ್ತರ ಹೆಂಗಸಿನಿಂದ 'ಮಲಗಿದ್ದಲ್ಲೇ' ಎಂಬ ಮಾತನ್ನು ಕಿತ್ತುಕೊಳ್ಳುವುದು ಪಾಪವಲ್ಲವೇ? ಆದರೆ ಹೇಳದಿದ್ದರೆ ತಾನೂ ಆ ಮುದುಕನ ಹಾಗೆಯೇ ಕೈಸನ್ನೆ ಮಾಡಿ ಸುಮ್ಮನಾದಂತೆ.

ಬಾಗಿಲು ತೆಗೆದ ಕ್ಲಾರೆನ್ಸ್‌ನ ಮಗಳು ಮೆಲಿಸ್ಸಾ, "ಗ್ರ್ಯಾನಿ ಈಸ್ ಇನ್ ದ ಕಿಚನ್," ಎಂದು ಮತ್ತೆ ಫೋನಿಗೆ ತಿರುಗಿದಳು. ಲೂರ್ದ್ ಬಾಯಿ ಸ್ಟೂಲಿನ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದರು. ಡೆಲ್ಫಿನ್ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಮೊದಲು ಬಡಿತದ ವಿಷಯ ಬಿಟ್ಟುಬಿಡೋಣ ಎಂದುಕೊಂಡಿದ್ದಳು. ಆದರೆ ತಾಯಿಯೇ ಕೇಳಿದರು.

"ಎರಡು ದಿನ ಒಳಗೆ ಎಂತ ಮಾಡ್ತಿದ್ರಂತೆ?"

"ಬಡಿತಿದ್ರಂತೆ ಮಾಯ್. ಹತ್ತರ ತನಕ ಲೆಕ್ಕ ಮಾಡಿ."

ಲೂರ್ದ್ ಬಾಯಿಯ ಚೂರಿ ನಿಂತಿತು. "ಹೆದರಿಕೆ ಆದ್ರೆ ಅವರು ಹಾಗೇ. ನೀನು ಹುಟ್ಟುವಾಗ ಹೊರಗೆ ಜಗಲಿಯಲ್ಲಿ ಕೂತು ಲೆಕ್ಕ ಮಾಡ್ತಿದ್ರು. ಸೂಲಗಿತ್ತಿ ಬೈದಿದ್ಳು, ಬಾಯಿ ಮುಚ್ಚಿ ಅಂತ." ಒಂದು ಮೀನು ಕೊಯ್ದು ಮುಗಿಸಿ ಮತ್ತೆ ಕೇಳಿದರು. "ಕಾಗದದಲ್ಲಿ ಅಕ್ಟೋಬರ್ ಒಂಬತ್ತು ಅಂತ ಇತ್ತು. ಅದು ಹಡಗು ಒಡೆದ ದಿನ. ಹಾಗಾದ್ರೆ ಅವರು ಹೋದದ್ದು ಹನ್ನೊಂದಕ್ಕೆ?"

"ಹೌದು ಮಾಯ್."

"ಐವತ್ತಮೂರು ಸಲ, ಅವರಿಗೆ ಜೀವ ಇದ್ದ ದಿನವೇ ನಾವು ಸತ್ತವರ ಪೂಜೆ ಹೇಳಿಸಿದ್ದು ಮಗಾ."

ಅವರು ಕೈ ತೊಳೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಡೆಲ್ಫಿನ್ ಉಳಿದ ಮೀನು ಕೊಯ್ದಳು. ಕ್ಲಾರೆನ್ಸ್ ಕೆಲಸದಿಂದ ಬಂದ, ಅವನಿಗೂ ಹೇಳಿದಳು. ತಂದೆಯನ್ನು ಕಂಡೇ ಇರದ ಅವನು ಅಡುಗೆಮನೆಯ ಬಾಗಿಲಲ್ಲಿ ಶೂ ಕೂಡ ಬಿಚ್ಚದೆ ನಿಂತು ಕೇಳಿದ. ನಾಲ್ಕು ಗಂಟೆಗೆ ತಾಯಿ ಹೊರಗೆ ಬಂದರು. ಕಣ್ಣು ಊದಿತ್ತು, ಸೀರೆ ಬದಲಿಸಿದ್ದರು.

"ಇಗರ್ಜಿಗೆ ಹೋಗುವ," ಎಂದರು. "ಹನ್ನೊಂದರ ಪೂಜೆಗೆ ಬರೆಸಬೇಕು. ಎರಡು ಹೆಸರು."

ಚರ್ಚಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಮೊದಲ ಹೆಸರು ಬರೆದುಕೊಂಡಳು. ಎರಡನೆಯದಕ್ಕೆ ತಲೆಯೆತ್ತಿದಳು. "ಕಾಶೆಮ್ ಮಾಝಿ? ಇವರು ಕ್ಯಾಥೊಲಿಕ್ ಅಲ್ವಾ ಆಂಟಿ?"

"ಅಲ್ಲ," ಎಂದರು ಲೂರ್ದ್ ಬಾಯಿ. "ನಮ್ಮ ಮನೆಯವರನ್ನು ಕರ್ಕೊಂಡು ಬರ್ಲಿಕ್ಕೆ ಹೋದವರು. ಬರೀ ಮಗಾ."

ಹುಡುಗಿ ಬರೆದಳು.

ಅಕ್ಟೋಬರ್ ಹನ್ನೊಂದರ ಸಂಜೆ ಪೂಜೆಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ಬೇರೆ ಸೀಮೆಯ ಪಾದ್ರಿಗಳು ಸತ್ತವರ ಹೆಸರು ಓದಿದರು: ಇಗ್ನೇಶಿಯಸ್, ಆಮೇಲೆ ಕಾಸಿಂ ಮಂಜಿ. ಲೂರ್ದ್ ಬಾಯಿ ಎರಡಕ್ಕೂ ಶಿಲುಬೆಯ ಗುರುತು ಮಾಡಿದರು. ಯಾರೋ ಹಿಂದಿನ ಬೆಂಚಿನ ಮರಕ್ಕೆ ಬೆರಳಿನಿಂದ ತಟ್ಟಿದ ಹಾಗಾಗಿ ಡೆಲ್ಫಿನ್ ತಿರುಗಿ ನೋಡಿದಳು. ಆ ಬೆಂಚು ಖಾಲಿ ಇತ್ತು. ಅವಳು ತಾಯಿಗೆ ಹೇಳಲಿಲ್ಲ.

ಮನೆಗೆ ಬಂದು ಬಾಂಗ್ಲಾಕ್ಕೆ ಫೋನ್ ಮಾಡಿದಳು. ಮೊತಾಲೆಬ್ ಚಾಚಾ ಎತ್ತಿದರು. ಹಿಂದೆ ಕೋಳಿ ಕೂಗು, ಹೆಂಗಸರ ಮಾತು. ಪೂಜೆಯಲ್ಲಿ ಚಿಕ್ಕಪ್ಪನ ಹೆಸರು ಓದಿದರು ಎಂದಳು.

"ಸರಿಯಾಗಿ ಓದಿದರಾ?"

"ಸ್ವಲ್ಪ ತಪ್ಪಿತು ಚಾಚಾ."

"ಪರವಾಗಿಲ್ಲ. ಅವನ ಹೆಸರು ಒಂದು ಕಡೆಯಾದರೂ ಓದಿದರಲ್ಲ. ಆ ಹಡಗನ್ನು ಯಾವತ್ತೋ ಕಡಿದು ಗುಜರಿಗೆ ತೆಗೆದುಕೊಂಡು ಹೋದರು ಬೇಟಿ. ಹೊಳೆಯೂ ಪಕ್ಕಕ್ಕೆ ಸರಿದಿದೆ. ಅಲ್ಲೀಗ ಮರಳದಿಣ್ಣೆ, ಕಲ್ಲಂಗಡಿ ಬೆಳೀತಾರೆ. ಮಾಘದಲ್ಲಿ ನೀರು ಶಾಂತ ಇರ್ತದೆ. ಬರುವುದಾದರೆ ಆಗ ಬಾ. ನಾನೇ ಕರೆದುಕೊಂಡು ಹೋಗ್ತೇನೆ."

ಅವಳು ಫೋನ್ ಇಟ್ಟಾಗ ತಾಯಿ ಎದುರು ನಿಂತಿದ್ದರು. ಮುದುಕ ಹೇಳಿದ್ದನ್ನು ಕೊಂಕಣಿಯಲ್ಲಿ ಹೇಳಿದಳು.

"ಎಷ್ಟು ದೂರ, ದೋಣಿಯಲ್ಲಿ?" ಲೂರ್ದ್ ಬಾಯಿ ಕೇಳಿದರು.

"ಮಾಯ್, ನಿಮ್ಮ ಮೊಣಕಾಲು..." ಎಂದ ಕ್ಲಾರೆನ್ಸ್.

"ಮೊಣಕಾಲಿಗೆ ಎಂತ ಆಗಿದೆ? ಗಂಗೊಳ್ಳಿಯಲ್ಲಿ ಹುಟ್ಟಿದವಳಿಗೆ ದೋಣಿ ಹತ್ತಲಿಕ್ಕೆ ನೀನು ಕಲಿಸುದು ಬೇಡ," ಎಂದರು ಅವರು. ಮತ್ತೆ ಮಗಳ ಕಡೆ ತಿರುಗಿ, "ಮಾಘ ಅಂದ್ರೆ ಜನವರಿಯಾ, ಫೆಬ್ರವರಿಯಾ? ಸರಿಯಾಗಿ ಕೇಳಿಕೊ. ನಿನ್ನ ರಜೆಗೆ ಈಗಲೇ ಬರೀಬೇಕಲ್ಲ," ಎಂದರು.